ಹನ್ನೊಂದು ಗಂಟೆಯ ನಮಾಜು

ಮಾರ್ಚ್ 7, 2005

ಈ ಡೈರಿ ನಮ್ಮ ಪ್ರೆಸ್ಸಿನ ತಪ್ಪಿಗೆ ಹುಟ್ಟಿದ ಕೂಸು. ಹೋದ ವರ್ಷ ಯಾವುದೋ ಸಹಕಾರಿ ಸಂಘಕ್ಕೆ ಡೈರಿ ಕಟ್ಟುವಾಗ ಆಗಸ್ಟ್ ತಿಂಗಳನ್ನು ಎರಡು ಸಲ ಸೇರಿಸಿ ನವೆಂಬರನ್ನು ನುಂಗಿಬಿಟ್ಟರು. ಜೋಡಿಸಿದವಳು ನಾನಲ್ಲ, ಬೈಸಿಕೊಂಡವಳು ನಾನು. ರದ್ದಿಗೆ ಹೋಗುವಾಗ ಒಂದನ್ನು ಎತ್ತಿಟ್ಟುಕೊಂಡೆ. ಅಚ್ಚಾದ ತಾರೀಖು ಹೊಡೆದುಹಾಕಿ ನನ್ನ ತಾರೀಖು ನಾನೇ ಹಾಕಿಕೊಳ್ಳುತ್ತೇನೆ. ಇದನ್ನು ಯಾರಾದರೂ ಕದ್ದು ಓದಿದರೆ ಅವರ ಮುಖಕ್ಕೂ ನನ್ನ ಮುಖದ ಗತಿಯೇ ಬರಲಿ.

ಇವತ್ತು ನಮ್ಮ ಮಾಲಕ ಪುಂಡಲೀಕಪ್ಪನವರು ಬೈಂಡಿಂಗಿನ ಹೆಂಗಸರನ್ನೆಲ್ಲ ಕರೆದು ಸುದ್ದಿ ಹೇಳಿದರು. ಗದಗು ಜಿಲ್ಲೆಯಾದ ಮೇಲೆ ಆಫೀಸು ಬಂದವು, ಆಫೀಸಿಗೆ ಸಾಹೇಬರು ಬಂದರು, ಸಾಹೇಬರ ಮನೆಗಳಲ್ಲಿ ಲಗ್ನಗಳು ಬಂದವು. ಆದ್ದರಿಂದ ಪ್ರೆಸ್ಸಿನ ಮುಂಭಾಗದಲ್ಲಿ ಬರೀ ಲಗ್ನಪತ್ರಿಕೆಯ ಒಂದು ಅಂಗಡಿ ತೆರೆಯುತ್ತಾರಂತೆ. ಕೌಂಟರಿನಲ್ಲಿ ಕೂತು ಮಾದರಿ ತೋರಿಸಿ, ಹೆಸರು ಬರೆದುಕೊಳ್ಳಲು ಒಬ್ಬ ಹೆಣ್ಣುಮಗಳು ಬೇಕು. ಬೆನ್ನಿಗೆ ಒರಗು ಇರುವ ಕುರ್ಚಿ. ತಲೆಯ ಮೇಲೆ ಫ್ಯಾನು.

ಒಂಬತ್ತು ವರ್ಷದಿಂದ ನಾನು ನೆಲದ ಮೇಲೆ ಕೂತು ಹಾಳೆ ಮಡಿಸುತ್ತಿದ್ದೇನೆ. ಸಂಜೆ ಏಳುವಾಗ ಬೆನ್ನು ಒಂದು ಕಡೆ, ನಾನು ಒಂದು ಕಡೆ. ಮೂವತ್ತೆರಡಕ್ಕೇ ಗೋಡೆ ಹಿಡಿದು ಏಳುತ್ತೇನೆ. ನನಗೆ ಆ ಕುರ್ಚಿ ಬೇಕು. ಬಂಗಾರ ಬೇಡ, ಗಂಡ ಬೇಡ, ಆ ಕುರ್ಚಿ ಬೇಕು.

ನಮ್ಮಲ್ಲಿ ಬರೆಯಲು ಬರುವವರು ಇಬ್ಬರೇ. ನಾನು ಪಿಯುಸಿ, ಕನ್ನಡ ಶಾಲೆಯಲ್ಲಿ ಅಕ್ಷರಕ್ಕೆ ಬಹುಮಾನ ತೆಗೆದುಕೊಂಡವಳು. ಇನ್ನೊಬ್ಬಳು ಮಮತಾ, ಗಣಿತದ ದಯೆಯಿಂದ ಎಸ್ಸೆಸ್ಸೆಲ್ಸಿಯಲ್ಲೇ ಉಳಿದವಳು. ಮಾಲಕರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನನ್ನನ್ನು ನೋಡಿದರು.

"ಬರವಣಿಗಿ ನಿನ್ನದ ಚಲೋ ಐತಿ ಕೌಸರ. ಆದ್ರ ಮಾರಿ ನೋಡು, ಈಗಿನ್ನ ಎಣ್ಣ್ಯಾಗಿಂದ ತಗದಂಗೈತಿ. ಯುಗಾದಿಗೆ ಅಂಗಡಿ ತೆರಿತೀವಿ. ಅಲ್ಲೀತನಕ ಮಾರಿ ಚಂದಗ ಇಟಗೊಂಡು ಬಾ, ನೋಡೋಣು."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಮ್ಮ ಮೇಲ್ವಿಚಾರಕ ಗಾಳೆಪ್ಪ. ತಂಬಾಕು ತುಂಬಿ ತುಂಬಿ ಅವನ ಕೆಳತುಟಿ ಚೀಲದ ಹಾಗೆ ಜೋತುಬಿದ್ದಿದೆ. ಅವನು ನನ್ನ ಮುಖ ನೋಡಿ ನಗುತ್ತಾನೆ.

ಮಾರ್ಚ್ 9

ಬೆಳಿಗ್ಗೆ ಒಂಬತ್ತೂವರೆಗೆ ಪ್ರೆಸ್ಸಿಗೆ ಕಾಲಿಡುವಾಗ ನನ್ನ ಮುಖ ಮನುಷ್ಯರ ಮುಖದ ಹಾಗೇ ಇರುತ್ತದೆ. ಹತ್ತೂವರೆಗೆ ಮೂಗಿನ ಅಕ್ಕಪಕ್ಕ ಜಿನುಗಲು ಶುರು. ಹನ್ನೊಂದಕ್ಕೆ ಹಣೆ. ಊಟದ ಹೊತ್ತಿಗೆ ಗಲ್ಲ, ಗದ್ದ ಎಲ್ಲ ಸೇರಿ ಒಂದು ಒಗ್ಗರಣೆಗೆ ಸಾಲುವಷ್ಟು ಎಣ್ಣೆ.

ತಮ್ಮ ಇಜಾಜನ ಹೆಂಡತಿ ಫರ್ಹಾನಾಳಿಗೆ ನನ್ನ ಮುಖವೆಂದರೆ ಹೊಲ ಇದ್ದ ಹಾಗೆ, ಏನಾದರೂ ಬಿತ್ತುತ್ತಲೇ ಇರಬೇಕು. ಮೊನ್ನೆ ಕಡಲೆಹಿಟ್ಟು ಮೊಸರು ಬಳಿದಳು. ನಿನ್ನೆ ಲಿಂಬೆಹಣ್ಣು ತಿಕ್ಕಿದಳು. ಇವತ್ತು ಮುಲ್ತಾನಿ ಮಿಟ್ಟಿ. ಅದು ಒಣಗಿದಾಗ ಬಾಯಿ ತೆರೆಯಲು ಬರಲಿಲ್ಲ, ಅದಕ್ಕೇ ಅವಳಿಗೆ ಅಷ್ಟು ಇಷ್ಟವೇನೋ. ತೊಳೆದುಕೊಂಡು ಬೆಟಗೇರಿಯಿಂದ ನಡೆದು ಪ್ರೆಸ್ಸು ಮುಟ್ಟುವ ಹೊತ್ತಿಗೆ ಎಣ್ಣೆ ಸೇಡು ತೀರಿಸಿಕೊಳ್ಳುವ ಹಾಗೆ ಉಕ್ಕಿತು. ಮೇಲೆ ಪೌಡರು ಹಾಕಿಕೊಂಡೆ. ಹಪ್ಪಳದ ಹಿಟ್ಟಾಯಿತು.

ಖರೆ ಹೇಳಬೇಕೆಂದರೆ ಎರಡೇ ಉಪಾಯ ನಡೆಯುತ್ತವೆ. ಒಂದು, ಎರಡು ಮೂರು ತಾಸಿಗೊಮ್ಮೆ ತಣ್ಣೀರಿನಲ್ಲಿ ಮುಖ ತೊಳೆಯುವುದು. ಎರಡು, ಅಚ್ಚಾಗದ ನ್ಯೂಸ್‌ಪ್ರಿಂಟ್ ಕಾಗದದ ಚೂರನ್ನು ಉಜ್ಜದೆ ಮೆಲ್ಲಗೆ ಒತ್ತುವುದು. ಆ ಕಾಗದ ಎಣ್ಣೆಯನ್ನು ಹೀರುತ್ತದೆ, ಬೇರೆ ಯಾವ ಕ್ರೀಮೂ ಮಾಡದ ಕೆಲಸ ಮಾಡುತ್ತದೆ. ಕಾಗದಕ್ಕೆ ನಮ್ಮಲ್ಲಿ ಬರ ಇಲ್ಲ. ಆದರೆ ಹಿತ್ತಲ ನಳಕ್ಕೆ ಹೋಗುವ ಹಾಗಿಲ್ಲ. ಹೆಂಗಸರು ನಳದ ಹತ್ತಿರ ನಿಂತು ಹರಟುತ್ತಾರೆಂದು ಗಾಳೆಪ್ಪ ಊಟದ ಹೊತ್ತು ಬಿಟ್ಟರೆ ಯಾರನ್ನೂ ಬಿಡುವುದಿಲ್ಲ. ಅವನು ಮಾತ್ರ ಉಗುಳಲು ತಾಸಿಗೆ ನಾಲ್ಕು ಸಲ ಹೋಗುತ್ತಾನೆ.

ಮಾರ್ಚ್ 11

ಇವತ್ತು ಅವಸರದಲ್ಲಿ ಕೋರಾ ಕಾಗದ ಬಿಟ್ಟು ಆಗಷ್ಟೇ ಮಷೀನಿನಿಂದ ಬಂದ ಹಸಿ ಹಾಳೆಯನ್ನು ಗಲ್ಲಕ್ಕೆ ಒತ್ತಿಕೊಂಡೆ. ಮುಂಡರಗಿಯ ಯಾವುದೋ ವರನ ಹೆಸರು ಉಲ್ಟಾ ಆಗಿ ನನ್ನ ಬಲಗಲ್ಲದ ಮೇಲೆ ಮೂಡಿತು. ನನಗೆ ಗೊತ್ತಾಗುವ ಮೊದಲೇ ಇಡೀ ಬೈಂಡಿಂಗ್ ಕೋಣೆ ಓದಿತ್ತು. ಕೌಸರಗೆ ಅಂತೂ ಒಂದು ಗಂಡಿನ ಹೆಸರು ಹತ್ತಿತು ಎಂದ ಗಾಳೆಪ್ಪ.

ಸೀಮೆಎಣ್ಣೆಯಲ್ಲಿ ಒರೆಸಿಕೊಂಡೆ. ಶಾಯಿ ಹೋಯಿತು. ಮುಖ ಉರಿಯುತ್ತಿದೆ, ಮೊದಲಿಗಿಂತ ಹೆಚ್ಚು ಹೊಳೆಯುತ್ತಿದೆ. ನಾನು ಅಳಲಿಲ್ಲ. ಕಣ್ಣಲ್ಲಿ ನೀರು ಬಂದದ್ದು ಸೀಮೆಎಣ್ಣೆಯ ಘಾಟಿಗೆ.

ಮಾರ್ಚ್ 14

ಉಪಾಯ ಸಿಕ್ಕಿತು. ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ.

ಮಷೀನಿನ ಲಾಡಸಾಬ ದಿನಾ ಐದರ ಸುಮಾರಿಗೆ ನಮಾಜಿಗೆ ಹೋಗುತ್ತಾನೆ. ಯಾರೂ ಕೇಳುವುದಿಲ್ಲ. ಗಾಳೆಪ್ಪನಿಗೆ ಮನುಷ್ಯರ ಹೆದರಿಕೆ ಇಲ್ಲದಿದ್ದರೂ ದೇವರ ಹೆದರಿಕೆ ಬಹಳ, ಯಾವ ದೇವರಾದರೂ ಸರಿ. ಹೋಗಿ ಕೇಳಿದೆ. ಇನ್ನು ಮೇಲೆ ನಾನೂ ನಮಾಜು ಬಿಡುವುದಿಲ್ಲ, ಹನ್ನೊಂದಕ್ಕೊಂದು, ಐದಕ್ಕೊಂದು, ಮಧ್ಯಾಹ್ನದ್ದು ಊಟದ ಹೊತ್ತಿನಲ್ಲೇ ಮುಗಿಸುತ್ತೇನೆ ಎಂದೆ. ಅವನು ತಂಬಾಕು ಉಗುಳಿ ಬಂದು ಹೂಂ ಎಂದ. ಹನ್ನೊಂದಕ್ಕೆ ಯಾವ ನಮಾಜು ಎಂದು ಕೇಳಲು ಅವನಿಗೇನು ಗೊತ್ತು. ನನಗೇ ಗೊತ್ತಿಲ್ಲ. ಎರಡು ಹಬ್ಬ, ರಂಜಾನಿನ ಒಂದಷ್ಟು ದಿನ ಬಿಟ್ಟರೆ ನಾನು ಚಾಪೆ ಬಿಚ್ಚಿದವಳಲ್ಲ.

ಹನ್ನೊಂದಕ್ಕೆ ನಳದಲ್ಲಿ ಮುಖ ತೊಳೆದು, ಕಾಗದ ಒತ್ತಿ, ಗೋದಾಮಿನ ಹಿಂದೆ ರೀಮುಗಳ ಮೇಲೆ ಎರಡು ನಿಮಿಷ ಬೆನ್ನು ಚಾಚಿ ಮಲಗಿದೆ. ಸುಳ್ಳಿಗೆ ಇಷ್ಟು ತಂಪು ಇರುತ್ತದೆಂದು ಗೊತ್ತಿರಲಿಲ್ಲ.

ಮಾರ್ಚ್ 16

ಸಿಕ್ಕಿಬಿದ್ದೆ ಅಂದುಕೊಂಡೆ.

ನನ್ನ ಪಕ್ಕದಲ್ಲಿ ಕೂತು ಮಡಿಸುವವಳು ಗುಲಾಬಬಿ ಖಾಲಾ. ವಯಸ್ಸು ಅರವತ್ತು ದಾಟಿದೆ, ಅಚ್ಚಿನ ಮೊಳೆ ಜೋಡಿಸುವ ಕಾಲದಿಂದ ಈ ಪ್ರೆಸ್ಸಿನಲ್ಲಿದ್ದಾಳೆ, ಮಗ ಶೇಖಸಾಬನ ಜೊತೆ ಬೆಟಗೇರಿಯಲ್ಲೇ ಇರುತ್ತಾಳೆ. ಬಾಯಿ ಮುಚ್ಚುವುದು ನಿದ್ದೆಯಲ್ಲಿ ಮಾತ್ರ. ಅವಳು ಇವತ್ತು, ಹನ್ನೊಂದಕ್ಕೆ ಯಾವ ನಮಾಜವ್ವ ಎಂದು ಕೇಳಿದಳು. ನನ್ನ ಕೈಯಲ್ಲಿದ್ದ ಹಾಳೆ ವಾರೆಯಾಯಿತು. ಉತ್ತರ ಹುಡುಕುವಷ್ಟರಲ್ಲಿ ಅವಳೇ ಹುಡುಕಿಕೊಂಡಳು. ಚಾಷ್ತ್ ಎಂದು ಒಂದು ಇದೆಯಂತೆ, ಹೊತ್ತು ಏರಿದ ಮೇಲೆ ಮಾಡುವಂಥದ್ದು. ಮಾಡಲೇಬೇಕೆಂದಿಲ್ಲ, ಬಹಳ ಭಕ್ತಿ ಇರುವವರು ಮಾಡುತ್ತಾರೆ. ಲಕ್ಷ್ಮೇಶ್ವರದಲ್ಲಿ ಅವಳ ಅಜ್ಜಿ ಮಾಡುತ್ತಿದ್ದಳಂತೆ, ಅವಳನ್ನು ಬಿಟ್ಟರೆ ನನ್ನನ್ನೇ ನೋಡಿದ್ದಂತೆ. ಹೇಳುತ್ತ ಹೇಳುತ್ತ ಕಣ್ಣು ಒರೆಸಿಕೊಂಡಳು. ನಾಳೆಯಿಂದ ತಾನೂ ಬರುತ್ತಾಳಂತೆ.

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ.

ಮಾರ್ಚ್ 17

ಬೆನ್ನು ಚಾಚುವುದು ಹೋಯಿತು. ಮುದುಕಿ ಪಕ್ಕದಲ್ಲಿ ನಿಂತ ಮೇಲೆ ನಾನೂ ನಿಲ್ಲಲೇಬೇಕು, ಬಾಗಲೇಬೇಕು. ಓದಬೇಕಾದ್ದು ಅರ್ಧ ಮರೆತಿದೆ. ತುಟಿ ಅಲ್ಲಾಡಿಸುತ್ತ ಇವತ್ತು ಎಷ್ಟು ಹಾಳೆ ಮಡಿಸುವುದು ಬಾಕಿ ಇದೆ ಎಂದು ಎಣಿಸಿದೆ. ಇದರ ಪಾಪದ ವಿಷಯ ಯುಗಾದಿ ಆದ ಮೇಲೆ ಯೋಚಿಸೋಣ.

ಮುಖ ಮಾತ್ರ ಮಧ್ಯಾಹ್ನದವರೆಗೂ ಸುಮಾರಾಗಿತ್ತು.

ಮಾರ್ಚ್ 24

ಬರೆಯುವಾಗಲೂ ನಗು ಬರುತ್ತಿದೆ. ಇವತ್ತು ನಾಲ್ಕು ಗಂಟೆಗೆ ಕರೆಂಟು ಹೋಯಿತು, ಇಡೀ ಕೋಣೆಗಿದ್ದ ಒಂದೇ ಫ್ಯಾನು ನಿಂತಿತು, ನನ್ನ ಮುಖ ತನ್ನ ಕೆಲಸ ಶುರು ಮಾಡಿತು. ಕಿಟಕಿಯ ಬಿಸಿಲು ನೇರ ನನ್ನ ಹಣೆಗೆ ಬಡಿಯುತ್ತಿತ್ತು. ಗುಲಾಬಬಿ ಖಾಲಾ ಮಡಿಸುವುದು ಬಿಟ್ಟು ನನ್ನನ್ನೇ ದಿಟ್ಟಿಸಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, ಈ ಹುಡುಗಿಯ ಮುಖದ ಮೇಲೆ ನೂರ್ ಇಳಿದಿದೆ ಎಂದು. ನೂರ್ ಎಂದರೆ ದೇವರ ಬೆಳಕು. ಹಗಲಿರುಳು ನಮಾಜು, ಇಬಾದತ್ತು ಮಾಡಿದ ದೊಡ್ಡವರ ಮುಖದಲ್ಲಿ ಇರುತ್ತದೆಂದು ಹೇಳುತ್ತಾರಲ್ಲ, ಅದು.

ಒಂಬತ್ತು ವರ್ಷ ಇದೇ ಮುಖ, ಇದೇ ಎಣ್ಣೆ, ಇದೇ ಮುದುಕಿ. ಆಗ ಕಾಣದ ಬೆಳಕು ಈಗ ಕಂಡಿತು. ಸುತ್ತಲಿನ ಹೆಂಗಸರೂ ನೋಡಿದರು. ಹೌದು ಬಿಡವ್ವ, ಏನೋ ಒಂದು ಕಳೆ ಐತಿ ಎಂದಳು ದುರಗವ್ವ. ಹನ್ನೊಂದನೆಯ ತಾರೀಖು ವರನ ಹೆಸರು ಓದಿ ಬಿದ್ದು ಬಿದ್ದು ನಕ್ಕವಳು ಅವಳೇ. ಗಾಳೆಪ್ಪನಂತೂ ತಂಬಾಕು ಉಗುಳಿ, ಬಾಯಿ ಮುಕ್ಕಳಿಸಿ ಬಂದು ನೋಡಿದ.

ಇವರೆಲ್ಲ ವೋಟು ಹಾಕುತ್ತಾರೆ.

ಮಾರ್ಚ್ 26

ಈಗ ನನಗೆ ಭಕ್ತರಿದ್ದಾರೆ. ದುರಗವ್ವ ತನ್ನ ಮೊಮ್ಮಗುವನ್ನು ತಂದಳು, ರಾತ್ರಿ ಬೆಚ್ಚಿ ಅಳುತ್ತದಂತೆ, ಕುರಾನಿನ ಮಾತು ಓದಿ ಊದಬೇಕಂತೆ. ಹಾಗೆ ದಮ್ ಹಾಕಲು ನನಗೆ ಬರುವುದಿಲ್ಲ ಎಂದೆ. ಬಹಳ ದೊಡ್ಡವರು ಹಾಗೇ ಹೇಳುತ್ತಾರೆಂದು ಖಾಲಾ ಅವಳಿಗೆ ವಿವರಿಸಿದಳು. ಕಡೆಗೆ ಕೂಸಿನ ನೆತ್ತಿಗೆ ಫೂ ಎಂದು ಊದಿದೆ. ಅದು ನಕ್ಕಿತು. ಆ ಕೋಣೆಯಲ್ಲಿ ಬುದ್ಧಿ ಇದ್ದದ್ದು ಅದಕ್ಕೊಂದೇ.

ಇನ್ನೊಂದು. ನಮಾಜಿಗೆ ಮುಂಚೆ ಕೈ, ಬಾಯಿ, ಮುಖ, ಕಾಲು ತೊಳೆಯುವಾಗ ಖಾಲಾ ಎಡಗಾಲನ್ನು ಯಾವಾಗಲೂ ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಾಳೆ. ಇವತ್ತು ಜಾರಿ ನನ್ನ ಕಡೆ ತಿರುಗಿತು. ಹೆಬ್ಬೆರಳ ಬುಡದಲ್ಲಿ ರೂಪಾಯಿ ನಾಣ್ಯದಷ್ಟು ಹುಣ್ಣು, ಅಂಚು ಬೆಳ್ಳಗೆ. ಏನದು ಎಂದರೆ ಚಪ್ಪಲಿ ಕಚ್ಚಿದ್ದು ಎಂದಳು. ಅವಳಿಗೆ ಸಕ್ಕರೆ ಕಾಯಿಲೆ ಇದೆ. ನನಗೇಕೆ, ನಾನೇನು ಡಾಕ್ಟರೇ.

ಮಾರ್ಚ್ 29

ಕುರ್ಚಿ ನನ್ನದು.

ಮಾಲಕರು ಖುದ್ದು ಬಂದು ಹೇಳಿದರು. ಲಗ್ನಪತ್ರಿಕೆ ಎಂದರೆ ಶುಭಕಾರ್ಯದ ಮೊದಲ ಹೆಜ್ಜೆ, ಅದನ್ನು ಮಾಡಿಸಲು ಬಂದವರಿಗೆ ಎದುರಾಗುವ ಮುಖದಲ್ಲಿ ಕಳೆ ಇರಬೇಕಂತೆ. ಗಾಳೆಪ್ಪ ಮನೆಯವರೆಗೂ ಹೋಗಿ ನನ್ನ ವಿಷಯ ಹೇಳಿದ್ದನಂತೆ. ಮೂರು ವಾರದ ಹಿಂದೆ ಎಣ್ಣೆಯಲ್ಲಿ ಕರಿದ ಮುಖ, ಈಗ ಅದೇ ಮುಖ ಶುಭ. ನಾನು ತಲೆ ತಗ್ಗಿಸಿ ನಿಂತೆ. ಅದನ್ನೂ ವಿನಯ ಎಂದುಕೊಂಡರು. ಮಮತಾ ಮುಖ ಸಣ್ಣದು ಮಾಡಿಕೊಂಡಳು. ಅವಳ ಒಣ ಮುಖಕ್ಕೆ ಇನ್ನೂ ಸಣ್ಣದಾಗಲು ಜಾಗ ಇದ್ದದ್ದೇ ಆಶ್ಚರ್ಯ.

ಹೋಗಿ ಕುರ್ಚಿ ನೋಡಿ ಬಂದೆ. ಒರಗಿಗೆ ಹಸಿರು ಬಟ್ಟೆ ಹೊದಿಸಿದ್ದಾರೆ. ಒಂದು ಕ್ಷಣ ಕೂತೆ. ಬೆನ್ನು ಅದೆಷ್ಟು ವರ್ಷದಿಂದ ಕಾಯುತ್ತಿತ್ತೋ, ಕೂತ ಕೂಡಲೇ ಸಡಿಲಾಯಿತು.

ಮಾರ್ಚ್ 31

ಖಾಲಾ ಒಂದು ಬಾಟಲಿಯಲ್ಲಿ ನೀರು ತಂದಿದ್ದಳು. ಊದಿಕೊಡು ಎಂದಳು. ಊದಿದೆ. ಇಲ್ಲ ಎಂದರೆ ಅರ್ಧ ತಾಸು ಮಾತು, ಊದಿದರೆ ಅರ್ಧ ನಿಮಿಷದ ಕೆಲಸ.

ಏಪ್ರಿಲ್ 4

ಆ ನೀರು ಯಾಕೆಂದು ಇವತ್ತು ತಿಳಿಯಿತು. ಖಾಲಾ ಅದನ್ನು ದಿನಕ್ಕೆ ಮೂರು ಸಲ ಕುಡಿಯುತ್ತಿದ್ದಾಳೆ, ಉಳಿದದ್ದನ್ನು ಹುಣ್ಣಿನ ಮೇಲೆ ಹಾಕಿಕೊಳ್ಳುತ್ತಿದ್ದಾಳೆ. ಸಕ್ಕರೆಯ ಗುಳಿಗೆ ಬಿಟ್ಟು ಐದು ದಿನವಾಯಿತಂತೆ. ಗುಳಿಗೆಯ ಮೇಲೆ ನಂಬಿಕೆ ಇಟ್ಟುಕೊಂಡು ದಮ್ ಮಾಡಿದ ನೀರು ಕುಡಿದರೆ ನೀರಿಗೆ ಬೇಜಾರಾಗುತ್ತದಂತೆ. ಇದನ್ನು ಬಹಳ ಖುಷಿಯಿಂದ ಹೇಳಿದಳು. ಮಗನಿಗೆ ಹೇಳಿಲ್ಲ.

ಕಾಲು ನೋಡಿದೆ. ನಾನೇ ಹಿಡಿದು ತಿರುಗಿಸಿ ನೋಡಿದೆ. ಬೆರಳು ಪೂರಾ ಕಪ್ಪಿಗೆ ತಿರುಗಿದೆ. ವಾಸನೆ ಬರುತ್ತಿದೆ. ಅವಳಿಗೆ ನೋವೇ ಇಲ್ಲವಂತೆ, ಅದೂ ನನ್ನ ನೀರಿನ ಗುಣವಂತೆ.

ಇಷ್ಟು ದಡ್ಡತನ ಒಂದೇ ತಲೆಯಲ್ಲಿ ಹೇಗೆ ಹಿಡಿಸುತ್ತದೆ? ಊಟ ಸೇರಲಿಲ್ಲ. ಆ ವಾಸನೆಗೆ ಇರಬೇಕು.

ಏಪ್ರಿಲ್ 5

ಹೇಳಿಬಿಟ್ಟೆ. ಗೋದಾಮಿನಲ್ಲಿ, ನಾವಿಬ್ಬರೇ ಇದ್ದಾಗ. ನನಗೆ ಚಾಷ್ತ್ ಎಂಬ ಹೆಸರೇ ಗೊತ್ತಿರಲಿಲ್ಲ, ಮುಖ ತೊಳೆಯಲು ಹೇಳಿದ ಸುಳ್ಳು ಅದು, ನಿನ್ನ ಪಕ್ಕ ನಿಂತು ನಾನು ಹಾಳೆ ಎಣಿಸುತ್ತಿದ್ದೆ ಎಂದೆ. ಅವಳು ತಲೆ ಅಲ್ಲಾಡಿಸುತ್ತ ಕೇಳಿದಳು. ನಂಬುತ್ತಿಲ್ಲ ಎಂದು ಗೊತ್ತಾಗಿ, ನ್ಯೂಸ್‌ಪ್ರಿಂಟಿನ ಚೂರು ತೆಗೆದು ಹಣೆಗೆ, ಮೂಗಿಗೆ ಒತ್ತಿ, ಬೆಳಕಿಗೆ ಹಿಡಿದು ತೋರಿಸಿದೆ. ಕಾಗದ ಎಣ್ಣೆ ಕುಡಿದು ಆಚೆಯದು ಈಚೆ ಕಾಣುವಷ್ಟು ತೆಳ್ಳಗಾಗಿತ್ತು. ನೋಡು ಖಾಲಾ, ಇದೇ ನಿನ್ನ ನೂರ್ ಎಂದೆ.

ಅವಳು ಆ ಚೂರನ್ನು ನನ್ನ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು.

"ದೊಡ್ಡಾವ್ರು ತಮ್ಮನ್ನ ತಾವು ಹಿಂಗ ಮುಚ್ಚಿಗೊಂತಾರ, ಯವ್ವಾ. ನಮ್ಮಜ್ಜಿನೂ ಹಿಂಗ ಅಂತಿದ್ಲು."

ಆಮೇಲೆ ಅದನ್ನು ಮಡಿಸಿ, ಸೆರಗಿನ ಚೂರು ಹರಿದು, ಕಾಲಿನ ಹುಣ್ಣಿನ ಮೇಲೆ ತಾಯಿತದ ಹಾಗೆ ಕಟ್ಟಿಕೊಂಡಳು. ನನ್ನ ಮೂಗಿನ ಎಣ್ಣೆಯನ್ನು. ಅವಳ ಕೊಳೆತ ಬೆರಳಿಗೆ.

ಏಪ್ರಿಲ್ 6

ಕಾಲಿನ ವಿಷಯ ಹೇಳಲೆಂದು ಸಂಜೆ ಅವಳ ಮಗ ಶೇಖಸಾಬನ ಮನೆಗೆ ಹೋದೆ. ಅವನು ಗುಜರಿ ವ್ಯಾಪಾರಕ್ಕೆ ಶಿರಹಟ್ಟಿಯ ಕಡೆ ಹೋಗಿದ್ದಾನೆ, ಬರುವುದು ಯುಗಾದಿಗೆ. ಸೊಸೆ ನನ್ನನ್ನು ನೋಡಿ ತಲೆಯ ಮೇಲೆ ಸೆರಗು ಹೊದ್ದು, ಕೂಸನ್ನು ತಂದು ನನ್ನ ಮುಂದೆ ಹಿಡಿದಳು, ಊದಲಿಕ್ಕೆ.

ಏಪ್ರಿಲ್ 7

ಲೆಕ್ಕ ಹಾಕಿ ನೋಡಿದೆ. ಗಾಳೆಪ್ಪನ ಮುಂದೆ, ಮಾಲಕರ ಮುಂದೆ, ಎಲ್ಲರ ಮುಂದೆ ಹೇಳಿದರೆ ಅವಳು ನಂಬಬಹುದು. ಬೈಗುಳ ಬೀಳುವುದನ್ನು ಕಣ್ಣಾರೆ ಕಂಡರೆ ನಂಬುತ್ತಾಳೆ. ದೊಡ್ಡವರನ್ನು ಯಾರೂ ಬೈಯುವುದಿಲ್ಲವಲ್ಲ. ಆದರೆ ಕುರ್ಚಿ ಹೋಗುತ್ತದೆ. ಇನ್ನು ಎರಡೇ ದಿನ. ಕೌಂಟರಿನಲ್ಲಿ ಕೂತ ಮೇಲೆ ಹೇಳಿದರೆ ಆಗದೆ? ಒಂದು ವಾರ ಕೂತ ಮೇಲೆ?

ಬೆರಳು ಅವಳದು. ದಡ್ಡತನ ಅವಳದು. ಬೆನ್ನು ನನ್ನದು.

ಇವತ್ತು ಅವಳು ಚಪ್ಪಲಿ ಹಾಕಿಕೊಳ್ಳದೆ ಬಂದಿದ್ದಳು. ಕಾಲು ಹಿಡಿಸಲಿಲ್ಲವಂತೆ.

ಏಪ್ರಿಲ್ 8

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಸಂಜೆ ಎಲ್ಲರನ್ನೂ ಹೊಸ ಅಂಗಡಿಗೆ ಕರೆದರು. ಮಾವಿನ ತೋರಣ ಕಟ್ಟಿದ್ದರು, ಗಾಜಿನ ಒಳಗೆ ಪತ್ರಿಕೆಗಳ ಮಾದರಿ ಇಟ್ಟಿದ್ದರು. ಮಾಲಕರು ಕುರ್ಚಿ ತೋರಿಸಿ, ನಾಳೆ ಪೂಜೆ ಇದೆ, ಅದಕ್ಕೂ ಮುಂಚೆ ನಿನ್ನ ಪದ್ಧತಿ ಪ್ರಕಾರ ನೀನೂ ಏನಾದರೂ ಓದಿ ಊದಿಬಿಡು, ಯಾವ ದೇವರ ಆಶೀರ್ವಾದವೂ ಕಡಿಮೆ ಬೀಳಬಾರದು ಎಂದರು. ಗುಲಾಬಬಿ ಖಾಲಾ ಎಲ್ಲರಿಗಿಂತ ಮುಂದೆ ನಿಂತಿದ್ದಳು, ಎಡಗಾಲನ್ನು ಎತ್ತಿ ಹಿಡಿದು, ಗಾಳೆಪ್ಪನ ತೋಳಿಗೆ ಒರಗಿ. ಕೈಯಲ್ಲಿ ಅದೇ ಬಾಟಲಿ. ಮುಖದಲ್ಲಿ ನನ್ನ ಬಗ್ಗೆ ಎಷ್ಟು ಹೆಮ್ಮೆ.

ಅದನ್ನು ನೋಡಿ ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿಯೇ ಹೇಳಿದೆ, ದೊಡ್ಡ ಮನಸ್ಸಿನಿಂದ ಹೇಳಿದೆನೆಂದು ನಾನೇ ನನಗೆ ಸುಳ್ಳು ಹೇಳಿಕೊಳ್ಳುವುದಿಲ್ಲ.

"ನಾ ಏನೂ ಓದೂದಿಲ್ಲರಿ. ಹನ್ನೊಂದಕ್ಕ ನಾ ಹೋಗಿದ್ದು ಮಾರಿ ತೊಳಿಯಾಕ. ಈ ಕುರ್ಚಿ ಸಲುವಾಗಿ. ದೇವರ ಹೆಸರು ಹೇಳಿದ್ರ ಗಾಳೆಪ್ಪಣ್ಣ ಬಿಡ್ತಾನಂತ ಸುಳ್ಳು ಹೇಳ್ದೆ. ಖಾಲಾ, ಆ ಬಾಟಲ್ಯಾಗಿಂದು ನಳದ ನೀರು. ನಿನ್ನ ಬೆರಳು ಕೊಳತೈತಿ."

ಮೊದಲು ಬಾಯಿ ತೆರೆದವನು ಗಾಳೆಪ್ಪ. ಅವನಿಗೆ ಗೊತ್ತಿರುವ ಬೈಗುಳಗಳನ್ನೆಲ್ಲ ಬಳಸಿದ, ನಾನು ಇಲ್ಲಿ ಬರೆಯುವುದಿಲ್ಲ. ತನ್ನ ದೇವರಲ್ಲದಿದ್ದರೂ ದೇವರ ಹೆಸರಿಗೆ ತಾನು ಬೆಲೆ ಕೊಟ್ಟೆ, ಇವಳು ತನ್ನವರ ಮುಂದೆಯೇ ಅದನ್ನು ಮುಖ ಒರೆಸುವ ಕಾಗದ ಮಾಡಿಕೊಂಡಳು ಎಂದ. ಒಂಬತ್ತು ವರ್ಷದಲ್ಲಿ ಅವನಾಡಿದ ಒಂದೇ ಒಂದು ಸರಿಯಾದ ಮಾತು ಅದು. ಮಾಲಕರು ಬೈಯಲಿಲ್ಲ, ಮಮತಾಳನ್ನು ಕರೆದು ನಾಳೆ ಎಂಟಕ್ಕೆ ಸೀರೆ ಉಟ್ಟು ಬಾ ಎಂದರು. ನನ್ನ ಕಡೆ ತಿರುಗಿ ಇಷ್ಟೇ ಹೇಳಿದರು, ನಿನ್ನನ್ನು ಕೆಲಸದಿಂದ ತೆಗೆಯುವುದಿಲ್ಲ, ಒಳಗೆ ಹೋಗಿ ಕೂತುಕೋ.

ಗುಲಾಬಬಿ ಖಾಲಾ ನನ್ನನ್ನು ಬಹಳ ಹೊತ್ತು ನೋಡಿದಳು. ಬಗ್ಗಿ ಕಾಲಿನ ಪಟ್ಟಿ ಬಿಚ್ಚಿದಳು. ಕಾಗದದ ಚೂರು ಹುಣ್ಣಿಗೆ ಅಂಟಿತ್ತು. ಎಳೆದು ತೆಗೆದು ನೆಲದ ಮೇಲೆ ಹಾಕಿ, ಗೋಡೆ ಹಿಡಿದು ಹೊರಗೆ ಹೋದಳು.

ಏಪ್ರಿಲ್ 9

ಯುಗಾದಿ. ಪ್ರೆಸ್ಸಿಗೆ ರಜೆ. ಮಮತಾ ಕುರ್ಚಿಯಲ್ಲಿ ಕೂತಿರಬೇಕು.

ಏಪ್ರಿಲ್ 12

ಲಾಡಸಾಬ ಖಬರ ತಂದ. ಖಾಲಾಳನ್ನು ಮಗ ದೊಡ್ಡ ದವಾಖಾನೆಗೆ ಸೇರಿಸಿದ್ದಾನೆ. ನಿನ್ನೆ ಹೆಬ್ಬೆರಳು ತೆಗೆದರಂತೆ. ನಾಲ್ಕು ದಿನ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದರಂತೆ ಡಾಕ್ಟರು. ಒಂದು ವಾರ ಮುಂಚೆ ಬಂದಿದ್ದರೆ ಬೆರಳೂ ಉಳಿಯುತ್ತಿತ್ತೋ ಏನೋ ಎಂದೂ ಹೇಳಿದರಂತೆ. ಎರಡನೆಯದನ್ನು ಲಾಡಸಾಬ ನನ್ನ ಮುಂದೆ ಹೇಳಬೇಕಾಗಿರಲಿಲ್ಲ. ಆದರೂ ಹೇಳಿದ.

ಏಪ್ರಿಲ್ 17

ದವಾಖಾನೆಗೆ ಹೋದೆ. ಬಾಳೆಹಣ್ಣು ತೆಗೆದುಕೊಂಡು ಹೋದೆ, ಸಕ್ಕರೆ ಕಾಯಿಲೆಯವಳಿಗೆ. ಊರಿನ ದಡ್ಡರ ಪಟ್ಟಿಯಲ್ಲಿ ನನ್ನ ಹೆಸರನ್ನು ಮೇಲೆಯೇ ಬರೆಯಬೇಕು. ಖಾಲಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ನಾನಿದ್ದಷ್ಟು ಹೊತ್ತೂ ತಿರುಗಲಿಲ್ಲ. ಎಚ್ಚರವಿದ್ದಳು, ಬೆನ್ನು ನೋಡಿದರೆ ಗೊತ್ತಾಗುತ್ತದೆ. ಹಣ್ಣನ್ನು ಪಕ್ಕದ ಮಂಚದವರು ತಿಂದರು.

ಏಪ್ರಿಲ್ 25

ಅವಳ ಜಾಗಕ್ಕೆ ಹೊಸಬಳನ್ನು ತರುತ್ತೇನೆ ಎಂದ ಗಾಳೆಪ್ಪ. ಬೇಡ, ಅವಳ ಪಾಲಿನದನ್ನೂ ನಾನೇ ಮಡಿಸುತ್ತೇನೆ ಎಂದೆ. ಹೊಸಬಳು ಯಾರೋ ಬಂದು ಪಕ್ಕದಲ್ಲಿ ಬಡಬಡಿಸುವುದನ್ನು ಯಾರು ಕೇಳುತ್ತಾರೆ. ಅವನು ವಿಚಿತ್ರವಾಗಿ ನೋಡಿ ಹೋದ. ಸಂಜೆ ಏಳಲು ಎರಡು ಸಲ ಪ್ರಯತ್ನಪಡಬೇಕಾಯಿತು.

ಮೇ 3

ಲಗ್ನದ ಸುಗ್ಗಿ. ಪತ್ರಿಕೆಯ ಮೂಲೆಗೆ ಅರಿಸಿನ ಹಚ್ಚಿ ಹಚ್ಚಿ ಬೆರಳೆಲ್ಲ ಹಳದಿ. ಇಬ್ಬರ ಕೆಲಸ. ಬರೆಯಲು ಏನೂ ಇಲ್ಲ.

ಮೇ 17

ಗುಲಾಬಬಿ ಖಾಲಾ ಬಂದಳು. ಕಾಲಿಗೆ ಬಿಳಿ ಪಟ್ಟಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ, ಕೋಲು ಹಿಡಿದು. ತನ್ನ ಜಾಗ ಖಾಲಿ ಇರುವುದನ್ನು ನೋಡಿದಳು, ಕೂತಳು, ನನಗೆ ಬೆನ್ನು ಮಾಡಿ ಮಡಿಸಲು ಶುರು ಮಾಡಿದಳು. ಬೆಳಿಗ್ಗೆಯಿಂದ ನಾಲ್ಕೂವರೆಯವರೆಗೆ ಒಂದು ಮಾತಿಲ್ಲ. ಉಳಿದವರ ಜೊತೆ ದವಾಖಾನೆಯ ಕಥೆ ಹೇಳಿದ್ದೇ ಹೇಳಿದ್ದು, ನರ್ಸು ಹೀಗೆ, ಡಾಕ್ಟರು ಹಾಗೆ, ತೆಗೆದ ಬೆರಳು ತನಗೆ ತೋರಿಸಲೇ ಇಲ್ಲ. ನನ್ನ ಕಡೆ ಬಂದಾಗ ಬಾಯಿಗೆ ಬೀಗ. ಮುದುಕಿಗೆ ಹಟ ಬಹಳ.

ಐದಕ್ಕೆ ಅಜಾನ್ ಕೇಳಿಸಿತು. ಯುಗಾದಿಯ ಹಿಂದಿನ ಆ ಸಂಜೆಯ ನಂತರ ಗಾಳೆಪ್ಪ ಹೆಂಗಸರಿಗೆ ನಮಾಜಿನ ರಜೆಯನ್ನೇ ತೆಗೆದುಹಾಕಿದ್ದಾನೆ. ಖಾಲಾ ಕೋಲೂರಿ ಎದ್ದಳು. ಎಲ್ಲಿಗೆ ಎಂದು ಅವನು ಕೇಳಿದ. ನಮಾಜಿಗೆ ಎಂದಳು. ಅವನು ನಿಯಮ ಹೇಳಲು ಬಾಯಿ ತೆರೆದವನು, ಕಾಲಿನ ಪಟ್ಟಿ ನೋಡಿ ಮುಚ್ಚಿಕೊಂಡ. ಅವಳು ಅಲ್ಲಿಂದ ಹೋಗಲಿಲ್ಲ, ನಿಂತೇ ಇದ್ದಳು. ಬಗ್ಗಿ ನೀರು ಹಾಕಿಕೊಳ್ಳಲು ತನಗೆ ಆಗುವುದಿಲ್ಲ, ಒಬ್ಬರನ್ನು ಕಳಿಸು ಎಂದಳು. ಯಾರನ್ನು ಎಂದ ಅವನು.

ಅವಳು ನನ್ನ ಕಡೆ ನೋಡಲೇ ಇಲ್ಲ.

"ಆ ಎಣ್ಣಿಮಾರಿನ್ನ ಕಳಸು."

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ನಾನು ಎದ್ದೆ, ನಳದ ಹತ್ತಿರ ಹೋಗಿ ತಂಬಿಗೆ ತುಂಬಿದೆ. ಅವಳ ಕೈಗೆ, ಬಾಯಿಗೆ, ಮುಖಕ್ಕೆ, ಮೊಳಕೈಗೆ ನೀರು ಹಾಕಿದೆ. ಬಲಗಾಲು ತೊಳೆದೆ. ಎಡಗಾಲಿನ ಪಟ್ಟಿಯ ಮೇಲೆ ಒದ್ದೆ ಕೈ ಸವರಿದರೆ ಸಾಕು ಎಂದಳು, ಅವಳ ಕೈ ಹಿಡಿದು ಸವರಿಸಿದೆ. ಪಟ್ಟಿಯ ಒಳಗೆ ಹೆಬ್ಬೆರಳ ಜಾಗದಲ್ಲಿ ಏನೂ ಇರಲಿಲ್ಲ. ನಮಾಜಿಗೆ ಗೋದಾಮಿನಲ್ಲಿ ಸ್ಟೂಲು ಹಾಕಿಕೊಟ್ಟೆ, ಮುಗಿಯುವವರೆಗೆ ಬಾಗಿಲಲ್ಲಿ ನಿಂತಿದ್ದೆ. ಬರುವಾಗ ನನ್ನ ಹೆಗಲ ಮೇಲೆ ಪೂರಾ ಭಾರ ಹಾಕಿದಳು. ಬೇಕೆಂದೇ ಹಾಕಿದಳು ಅನ್ನಿಸುತ್ತದೆ. ಬೆಳಿಗ್ಗೆ ಗುಳಿಗೆ ನುಂಗಿದೆಯಾ ಎಂದು ಕೇಳಿದೆ. ನಿನಗ್ಯಾಕ ಎಂದಳು. ನುಂಗಿದ್ದಾಳೆ.

ಈಗ ಬರೆಯಲು ಕೂತು ಕೆನ್ನೆಗೆ ಕೈ ಇಟ್ಟಾಗ ಜಾರಿತು. ನಳದ ಮುಂದೆ ಅಷ್ಟು ಹೊತ್ತು ನಿಂತಿದ್ದೆ, ಮುಖ ತೊಳೆದುಕೊಳ್ಳುವುದೇ ಮರೆತುಹೋಯಿತು.